ಬಿಸಿಲುನಾಡಿನ ಸವಾರಿಗೆ ಹೊಸ ಟೈರು

ಮನೆಗೆ ಹೊಸ ಮೋಟಾರ್ ಸೈಕಲ್ ಬಂದ ದಿನ ಅದಕ್ಕೆ ಸಲ್ಲುವ ಆದರೋಪಚಾರಗಳನ್ನು ಎಲ್ಲರೂ ಬಲ್ಲರು. ಹ್ಯಾಂಡಲ್ಲಿಗೆ ಹೂವಿನ ಹಾರ, ದೀಪಕ್ಕೆ ಕುಂಕುಮ, ಕಾಯಿ ಒಡೆದು ಮಂಗಳಾರತಿ. ಕಡೆಗೆ ಗಾಲಿಯ ಕೆಳಗೊಂದು ನಿಂಬೆಹಣ್ಣು. ಆ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಮುಂದಕ್ಕುರುಳಿದ ಟೈರಿನ ಕಡೆಗೆ ಅಲ್ಲಿಂದಾಚೆಗೆ ಮೂರು ನಾಲ್ಕು ವರ್ಷ ಯಾರೂ ತಿರುಗಿ ನೋಡುವುದಿಲ್ಲ. ಎಂಜಿನ್ನಿನ ಎಣ್ಣೆ ಬದಲಾಗುತ್ತದೆ, ಚೈನು ಬಿಗಿಯಾಗುತ್ತದೆ, ವಾರಕ್ಕೊಮ್ಮೆ ಮೈ ತೊಳೆಸಿಕೊಂಡು ಗಾಡಿ ಥಳಥಳಿಸುತ್ತದೆ. ಟೈರು ಮಾತ್ರ ಮನೆಯ ಹಿರಿಯ ಸೊಸೆಯಂತೆ ಸದ್ದಿಲ್ಲದೆ ಸವೆಯುತ್ತಿರುತ್ತದೆ. ಅದು ಪೂರ್ತಿ ಬೋಳಾಗಿ, ಒಂದು ಮಳೆಗಾಲದ ಸಂಜೆ ತಿರುವಿನಲ್ಲಿ ಜಾರಿದ ಮೇಲೆಯೇ ಅದರ ನೆನಪಾಗುವುದು.

ಆಗ ಮನೆಯಲ್ಲೊಂದು ಸಣ್ಣ ಮಂತ್ರಾಲೋಚನೆ ನಡೆಯುತ್ತದೆ. ಕಾಲೇಜು ಮುಗಿಸಿದ ಮಗನಿಗೆ ಪಂದ್ಯದ ಗಾಡಿಗಳಿಗೆ ಹಾಕುವಂಥ ಅಗಲವಾದ ಸ್ಪೋರ್ಟ್ ಟೈರು ಬೇಕು. ತಂದೆಗೆ ಎಲ್ಲಕ್ಕಿಂತ ಕಡಿಮೆ ಬೆಲೆಯದಾಗಿದ್ದು ಎಲ್ಲಕ್ಕಿಂತ ಹೆಚ್ಚು ದಿನ ಬಾಳುವ ಟೈರು ಬೇಕು. ಅಡಿಗೆಮನೆಯ ಬಾಗಿಲಲ್ಲಿ ನಿಂತ ತಾಯಿ ಕೇಳುವುದು ಒಂದೇ ಪ್ರಶ್ನೆ: “ಅದು ಜಾರೋದಿಲ್ಲ ತಾನೆ?” ಮೂವರಲ್ಲಿ ವಿಷಯದ ಬುಡಕ್ಕೆ ಕೈಹಾಕಿದವರು ತಾಯಿಯೇ. ಬಾಳಿಕೆಯೂ ಬೆಲೆಯೂ ಅಂದಚಂದವೂ ಅವರ ಪ್ರಶ್ನೆಗೆ ಉತ್ತರ ದೊರೆತ ಮೇಲೆ ಬರತಕ್ಕ ವಿಚಾರಗಳು. ಈ ವಾರ ಆ ಉತ್ತರವನ್ನೇ ಹುಡುಕೋಣ. ಹುಡುಕುವುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗಿಂತ ಒಳ್ಳೆಯ ಪರೀಕ್ಷಾರಂಗ ಬೇರೆ ಬೇಕಿಲ್ಲ. ಉರಿಬಿಸಿಲು, ಎರೆಮಣ್ಣು, ಕಲ್ಲುಕಂಟಿ, ಹೆದ್ದಾರಿ, ಹೊಳೆಯ ದಂಡೆ, ಇವೆಲ್ಲವೂ ಒಂದೇ ದಿನದ ಸವಾರಿಯಲ್ಲಿ ಅಲ್ಲಿ ಎದುರಾಗುತ್ತವೆ.

ಅಂಗೈಯಗಲದ ಆಧಾರ

ಮೊದಲು ಟೈರು ಮಾಡುವ ಕೆಲಸವೇನೆಂಬುದನ್ನು ತಿಳಿಯಬೇಕು. ಗಾಡಿ ಓಡಿಸುವುದು ಎಂಜಿನ್, ನಿಲ್ಲಿಸುವುದು ಬ್ರೇಕು ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಎಂಜಿನ್ನು ಗಾಲಿಯನ್ನು ತಿರುಗಿಸಬಲ್ಲುದು, ಬ್ರೇಕು ಗಾಲಿಯನ್ನು ಹಿಡಿಯಬಲ್ಲುದು, ಅಷ್ಟೇ. ಗಾಡಿ ಮುಂದೆ ಹೋಗುವುದಾಗಲಿ ನಿಲ್ಲುವುದಾಗಲಿ ತಿರುಗುವುದಾಗಲಿ ನೆಲಕ್ಕೂ ರಬ್ಬರಿಗೂ ನಡುವಣ ಹಿಡಿತದಿಂದ. ಆ ಹಿಡಿತದ ಜಾಗ ಎಷ್ಟು ಗೊತ್ತೆ? ಒಂದು ಲೆಕ್ಕ ಮಾಡಿ ನೋಡಿ. ಗಾಡಿಯ ತೂಕ 195 ಕಿಲೋ, ಇಬ್ಬರು ಸವಾರರದು 130 ಕಿಲೋ, ಕೈಚೀಲ ಗಂಟುಮೂಟೆ 20 ಕಿಲೋ. ಒಟ್ಟು 345 ಕಿಲೋ. ಇದರಲ್ಲಿ ಸುಮಾರು 215 ಕಿಲೋ, ಅಂದರೆ 474 ಪೌಂಡು, ಹಿಂದಿನ ಗಾಲಿಯ ಮೇಲೆ ಬೀಳುತ್ತದೆ ಎನ್ನೋಣ. ಟೈರಿನಲ್ಲಿ ಚದರ ಅಂಗುಲಕ್ಕೆ 32 ಪೌಂಡಿನಂತೆ ಗಾಳಿಯಿದ್ದರೆ, ಆ ಭಾರವನ್ನು ಹೊರಲು ನೆಲಕ್ಕೆ ತಾಗುವ ಭಾಗ ಹೆಚ್ಚುಕಡಮೆ 15 ಚದರ ಅಂಗುಲ. ಒಬ್ಬ ದೊಡ್ಡವರ ಅಂಗೈ! ಮುಂದಿನ ಗಾಲಿಯದು ಅದಕ್ಕಿಂತ ಚಿಕ್ಕ ಅಂಗೈ. ಗಂಟೆಗೆ ಎಪ್ಪತ್ತು ಕಿಲೋಮೀಟರು ವೇಗದಲ್ಲಿ ಗಂಡಹೆಂಡಿರು ಹೋಗುತ್ತಿರುವಾಗ ಅವರ ಸಂಸಾರ ಸಮಸ್ತವೂ ಇಂಥ ಎರಡು ಅಂಗೈಗಳ ಮೇಲೆ ನಿಂತಿರುತ್ತದೆ.

ಈ ಅಂಗೈಗಳ ಹಿಂದೆ ದೊಡ್ಡ ಕಥೆಯೇ ಇದೆ. ಹಸಿ ರಬ್ಬರು ಬಿಸಿಲಿಗೆ ಅಂಟಾಗಿ ಚಳಿಗೆ ಸೀಳುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿಯೂ ಬಾಗುವಂತೆಯೂ ಆಗುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ಪಡೆದನಾದರೂ ಅದು ಮೂಲೆಗೆ ಬಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ದನದ ವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿಯ ಟೈರನ್ನು ಮತ್ತೆ ಕಂಡುಹಿಡಿದ ಮೇಲೆಯೇ ಲೋಕಕ್ಕೆ ಅದರ ಸುಖ ತಿಳಿದುದು. ನಮ್ಮಲ್ಲಿ 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಕಂಪೆನಿ ಸ್ಥಾಪನೆಯಾಯಿತು. 1961ರಲ್ಲಿ ಮೈಸೂರಿನಲ್ಲಿ ಜಾವಾ ಕಾರ್ಖಾನೆ ಕೆಲಸ ಆರಂಭಿಸಿ, ಮುಂದೆ ಯೆಜ್ಡಿ ಎಂಬ ಹೆಸರಿನಿಂದ ಮನೆಮಾತಾಗಿ, 1996ರಲ್ಲಿ ಬಾಗಿಲು ಹಾಕಿತು. ಅದೇ ಮೈಸೂರಿನ ವಿಕ್ರಾಂತ್ ಟೈರು ಕಾರ್ಖಾನೆಯನ್ನು 1997ರಲ್ಲಿ ಜೆ.ಕೆ. ಸಂಸ್ಥೆ ವಹಿಸಿಕೊಂಡಿತು. ಮೋಟಾರ್ ಸೈಕಲ್ಲೂ ಟೈರೂ ನಮ್ಮ ನಾಡಿಗೆ ಹೊಸ ನೆಂಟರಲ್ಲ. ಆದರೂ ಟೈರಿನ ಜಾತಿ ಗುಣಗಳ ವಿಚಾರದಲ್ಲಿ ಮಾತ್ರ ನಮಗೆ ಅಂಗಡಿಯವರು ಹೇಳಿದ್ದೇ ವೇದ.

ಬಿಸಿ ರೊಟ್ಟಿ, ಖಡಕ್ ರೊಟ್ಟಿ

ಸ್ಪೋರ್ಟ್ ಟೈರಿಗೂ ಟೂರಿಂಗ್ ಟೈರಿಗೂ ಇರುವ ಭೇದವನ್ನು ಕಲಬುರಗಿಯ ಕಡೆಯವರಿಗೆ ವಿವರಿಸುವುದು ಬಹು ಸುಲಭ. ಹೆಂಚಿನ ಮೇಲಿಂದ ಆಗತಾನೆ ಇಳಿದ ಬಿಸಿ ಜೋಳದ ರೊಟ್ಟಿ ಮೃದುವಾಗಿರುತ್ತದೆ. ಅದರ ರುಚಿಯೇ ಬೇರೆ. ಆದರೆ ಅದು ಆ ಹೊತ್ತಿನ ಊಟಕ್ಕೆ. ದೂರದ ಯಾತ್ರೆಗೆ ಹೊರಟವರು ಗಂಟಿನಲ್ಲಿ ಕಟ್ಟಿಕೊಳ್ಳುವುದು ಖಡಕ್ ರೊಟ್ಟಿಯನ್ನು. ಅದು ವಾರಗಟ್ಟಲೆ ಕೆಡುವುದಿಲ್ಲ. ಸ್ಪೋರ್ಟ್ ಟೈರು ಬಿಸಿ ರೊಟ್ಟಿ. ಟೂರಿಂಗ್ ಟೈರು ಖಡಕ್ ರೊಟ್ಟಿ.

ಸ್ಪೋರ್ಟ್ ಟೈರಿನ ರಬ್ಬರು ಮೆತುವಾದುದು. ರಸ್ತೆಯ ಸಣ್ಣಸಣ್ಣ ಉಬ್ಬುತಗ್ಗುಗಳೊಳಕ್ಕೆ ಅದು ಇಳಿದು ಹಿಡಿಯುತ್ತದೆ. ಅದರ ಅಡ್ಡ ಆಕಾರವೂ ನಡುವೆ ಚೂಪಾಗಿದ್ದು, ಗಾಡಿ ಸ್ವಲ್ಪ ಸನ್ನೆ ಮಾಡಿದರೂ ಪಕ್ಕಕ್ಕೆ ವಾಲುತ್ತದೆ. ಮೇಲಿನ ಗೀರುಗಳು ಕಡಿಮೆ. ಒಣ ನೆಲಕ್ಕೆ ಹೆಚ್ಚು ರಬ್ಬರು ತಾಗಲೆಂದು ಹಾಗೆ. ಇದರ ಬೆಲೆಯನ್ನು ಬಾಳಿಕೆಯಲ್ಲಿ ತೆರಬೇಕು. ಸಾಧಾರಣವಾಗಿ ಐದರಿಂದ ಎಂಟು ಸಾವಿರ ಕಿಲೋಮೀಟರಿಗೆ ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗಿಬಿಡುತ್ತದೆ. ಟೂರಿಂಗ್ ಟೈರಿನ ರಬ್ಬರು ಗಟ್ಟಿ, ಆಕಾರ ದುಂಡು, ನೀರನ್ನು ಹೊರದೂಡುವ ಗೀರುಗಳು ಹೆಚ್ಚು, ಭಾರ ಹೊರುವ ಶಕ್ತಿ ಅಧಿಕ. ಇವೆರಡರ ನಡುವೆ ಸ್ಪೋರ್ಟ್ ಟೂರಿಂಗ್ ಎಂಬ ಮೂರನೆಯ ಬಗೆಯೊಂದುಂಟು. ಇವುಗಳಲ್ಲಿ ಹಲವಕ್ಕೆ ನಡುವೆ ಗಟ್ಟಿ ರಬ್ಬರು, ಎರಡು ಅಂಚುಗಳಲ್ಲಿ ಮೆತು ರಬ್ಬರು ಇರುತ್ತದೆ. ನೇರ ಓಡುವಾಗ ನೆಲಕ್ಕೆ ತಾಗುವುದು ನಡುಭಾಗ, ತಿರುವಿನಲ್ಲಿ ವಾಲಿದಾಗ ತಾಗುವುದು ಅಂಚು. ಹೀಗಾಗಿ ಬಾಳಿಕೆಗೆ ಖಡಕ್ ರೊಟ್ಟಿ, ತಿರುವಿಗೆ ಬಿಸಿ ರೊಟ್ಟಿ ಎಂಬ ಎರಡು ಲಾಭಗಳೂ ಒಂದೇ ಟೈರಿನಲ್ಲಿ ದೊರೆಯುತ್ತವೆ.

ಮೂರು ದಾರಿಗಳ ಪರೀಕ್ಷೆ

ಈಗ ಗಾಡಿಯನ್ನು ಕಲಬುರಗಿಯಿಂದ ಹೊರಡಿಸೋಣ. ಮೊದಲು ದಕ್ಷಿಣಕ್ಕೆ, ಜೇವರ್ಗಿಯ ಕಡೆಗೆ. ಇದು 50ನೆಯ ರಾಷ್ಟ್ರೀಯ ಹೆದ್ದಾರಿ. ಕಟ್ಟಿಸಂಗಾವಿಯ ಬಳಿ ಭೀಮಾ ನದಿಯನ್ನು ದಾಟಿ ಜೇವರ್ಗಿಯ ಮೂಲಕ ವಿಜಯಪುರದ ಕಡೆಗೆ ಸಾಗುತ್ತದೆ. ಬಯಲು ಸೀಮೆ, ಕಣ್ಣು ಹರಿಯುವಷ್ಟು ದೂರ ತೊಗರಿ, ಹತ್ತಿ, ಜೋಳ. ತಿರುವುಗಳು ಕಡಿಮೆ, ನೇರ ಓಟ ಹೆಚ್ಚು. ಬೇಸಗೆಯಲ್ಲಿ ಗಾಳಿಯ ಉಷ್ಣವೇ 40 ಡಿಗ್ರಿಯನ್ನು ಮೀರುತ್ತದೆ; ನಡುಮಧ್ಯಾಹ್ನದ ಡಾಂಬರಿನ ಮೈ 60 ಡಿಗ್ರಿ ದಾಟುವುದು ಅಪರೂಪವಲ್ಲ. ಇಂಥ ದಾರಿಯಲ್ಲಿ ಮೆತು ರಬ್ಬರಿಗೆ ಕೆಲಸವೇ ಇಲ್ಲ, ಸವೆತ ಮಾತ್ರ ಉಂಟು. ವಾಲಿ ತಿರುಗಬೇಕಾದ ಜಾಗವಿಲ್ಲದಾಗ ಸ್ಪೋರ್ಟ್ ಟೈರಿನ ಅಂಚುಗಳು ಹೊಸದಾಗಿಯೇ ಉಳಿದು, ನಡುವೆ ಮಾತ್ರ ರಬ್ಬರು ಕರಗಿ, ದುಂಡಗಿದ್ದ ಟೈರು ಚೌಕಾಕಾರಕ್ಕೆ ತಿರುಗುತ್ತದೆ. ಆಮೇಲೆ ಎಲ್ಲಿಯಾದರೂ ತಿರುವು ಬಂದರೆ ಗಾಡಿ ಆ ಮೂಲೆಯನ್ನು ಹತ್ತಿ ಇಳಿಯುವಂತೆ ತಡವರಿಸುತ್ತದೆ. ಜೇವರ್ಗಿಯ ದಾರಿ ಕೇಳುವುದು ಬಿಸಿ ತಾಳುವ, ಭಾರ ಹೊರುವ ಟೂರಿಂಗ್ ಟೈರನ್ನು.

ಎರಡನೆಯದು ಪಶ್ಚಿಮಕ್ಕೆ, ಅಫಜಲಪುರದ ದಾರಿ. ಈ ತಾಲ್ಲೂಕಿನ ಜೀವನಾಡಿ ಭೀಮೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಹೊಳೆ ಅದನ್ನು ಕೂಡುವ ದೇವಲಗಾಣಗಾಪುರದಲ್ಲಿ ದತ್ತಾತ್ರೇಯ ಕ್ಷೇತ್ರವಿದೆ. ದತ್ತಜಯಂತಿಗೆ ಕರ್ನಾಟಕದಿಂದ ಹೇಗೋ ಹಾಗೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಮೋಟಾರ್ ಸೈಕಲ್ಲುಗಳಲ್ಲಿ ಬರುವ ಸಂಸಾರಗಳೂ ಅಲ್ಪವಲ್ಲ. ಇಲ್ಲಿಯ ಶತ್ರು ಎರೆಮಣ್ಣು. ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಹೊಲದಿಂದ ರಸ್ತೆಗೆ ಏರುವ ಕಬ್ಬಿನ ಟ್ರ್ಯಾಕ್ಟರುಗಳು ತಮ್ಮ ಗಾಲಿಗಳಲ್ಲಿ ಈ ಮಣ್ಣನ್ನು ತಂದು ಡಾಂಬರಿನ ಮೇಲೆ ಲೇಪಿಸಿ ಹೋಗುತ್ತವೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು. ಸೋಪು ಸವರಿದ ಬಚ್ಚಲುಕಲ್ಲು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳನ್ನು ಮುಳುಗಿಸಿತ್ತು. ಇಂಥ ನೆರೆ ಇಳಿದ ಮೇಲೆ ರಸ್ತೆಯಲ್ಲಿ ಉಳಿಯುವ ಕೆಸರಿನ ಪದರ ಸವಾರನಿಗೆ ನೆರೆಯಷ್ಟೇ ಅಪಾಯ.

ಎರೆಮಣ್ಣಿನ ಗುಣವೆಂದರೆ ಟೈರಿನ ಗೀರುಗಳಲ್ಲಿ ತುಂಬಿಕೊಂಡು ಬಿಡದಿರುವುದು. ಗೀರು ಕಿರಿದಾಗಿದ್ದರೆ ಹತ್ತು ಮಾರು ಹೋಗುವುದರೊಳಗೆ ಟೈರು ಗೀರೇ ಇಲ್ಲದ ಮಣ್ಣಿನ ಉಂಡೆಯಾಗುತ್ತದೆ. ಮಡ್‌ಗಾರ್ಡಿನ ಒಳಗೆ ಮಣ್ಣು ಮೆತ್ತಿ ಮುಂದಿನ ಗಾಲಿಯೇ ಹಿಡಿದುಕೊಳ್ಳುವುದೂ ಉಂಟು. ಹೊಲದ ದಾರಿಯಲ್ಲಿ ದಿನವೂ ಓಡಾಡಬೇಕಾದವರು ಸ್ಪೋರ್ಟ್ ಟೈರಿನ ಹೆಸರನ್ನೇ ಎತ್ತಬಾರದು. ಅವರಿಗೆ ಬಿಡಿಬಿಡಿಯಾದ ದಪ್ಪ ಗುಂಡಿಗಳ, ಮಣ್ಣು ಕಳಚಿಕೊಳ್ಳುವಷ್ಟು ಅಗಲ ಸಂದುಗಳ, ಡಾಂಬರಿಗೂ ಮಣ್ಣಿಗೂ ಆಗುವ ಎರಡುಬಗೆಯ ಟೈರೇ ಸರಿ. ಊರಿಂದೂರಿಗೆ ಡಾಂಬರಿನ ಮೇಲೆ ಹೋಗುವವರಿಗೆ ಆಳವಾದ, ಉದ್ದನೆಯ ಗೀರುಗಳಿರುವ ಟೂರಿಂಗ್ ಟೈರು ಸಾಕು.

ಮೂರನೆಯದು ವಾಯವ್ಯಕ್ಕೆ, ಲಾಡ್ಲೆ ಮಶಾಕರ ದರ್ಗಾದಿಂದ ಹೆಸರಾದ ಆಳಂದದ ದಾರಿ. ಇಲ್ಲಿ ನೆಲ ಏರುತಗ್ಗು. ಎರೆಮಣ್ಣಿನ ಅಡಿಯಲ್ಲಿ ಕರಿಕಲ್ಲು. ರಸ್ತೆಯ ಅಂಚಿನಲ್ಲಿ ಜಲ್ಲಿ, ಗರಸು. ಎಲ್ಲಕ್ಕಿಂತ ಹೆಚ್ಚಾಗಿ ಬಳ್ಳಾರಿ ಜಾಲಿಯ ಮುಳ್ಳು. ಆ ಮುಳ್ಳಿಗೆ ಟೈರಿನ ಕಂಪೆನಿ, ಬೆಲೆ, ವಯಸ್ಸು ಯಾವುದರ ಹಂಗೂ ಇಲ್ಲ. ಟ್ಯೂಬಿರುವ ಟೈರಿಗೆ ಅದು ಚುಚ್ಚಿದರೆ ಗಾಳಿ ಒಮ್ಮೆಗೇ ಇಳಿದು ಗಾಡಿ ಹಾವಿನಂತೆ ಹೊರಳುತ್ತದೆ. ಟ್ಯೂಬಿಲ್ಲದ ಟೈರಿನಲ್ಲಿ ಚುಚ್ಚಿದ ಮುಳ್ಳೋ ಮೊಳೆಯೋ ತಾನೇ ಬಿರಡೆಯಾಗಿ ನಿಂತು, ಗಾಳಿ ಮೆಲ್ಲಮೆಲ್ಲನೆ ಸೋರುತ್ತದೆ. ಮುಂದಿನ ಊರು ತಲಪುವಷ್ಟು ವ್ಯವಧಾನ ದೊರೆಯುತ್ತದೆ. ಸಂಸಾರ ಸಮೇತ ಸಂಜೆಯ ಹೊತ್ತು ಬಯಲಿನಲ್ಲಿ ಸಿಕ್ಕಿಕೊಳ್ಳುವ ಕಷ್ಟವನ್ನು ನೆನೆದರೆ ಈ ಒಂದು ಗುಣಕ್ಕಾಗಿಯೇ ಟ್ಯೂಬಿಲ್ಲದ ಟೈರಿಗೆ ನಮಸ್ಕಾರ ಹೇಳಬಹುದು. ಆದರೆ ಕಡ್ಡಿಗಳಿರುವ ಸಾಮಾನ್ಯ ಗಾಲಿಗೆ ಟ್ಯೂಬು ಬೇಕೇ ಬೇಕು. ಕಡ್ಡಿಯ ತೂತುಗಳಲ್ಲಿ ಗಾಳಿ ನಿಲ್ಲುವುದಿಲ್ಲ.

ಈ ಜಿಲ್ಲೆ ತೊಗರಿಯ ಕಣಜ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸುಗ್ಗಿಯಲ್ಲಿ ಕೆಲವೆಡೆ ರೈತರು ಪೈರನ್ನು ರಸ್ತೆಯ ಮೇಲೆಯೇ ಹರಡಿ ರಾಶಿ ಮಾಡುವುದುಂಟು. ಹೋಗಿಬರುವ ಗಾಡಿಗಳೇ ಅವರಿಗೆ ಒಕ್ಕುವ ಎತ್ತು. ಕಾಳು ಉರುಳುತ್ತದೆ, ಹೊಟ್ಟು ಜಾರುತ್ತದೆ. ಇವುಗಳ ಮೇಲೆ ಬ್ರೇಕು ಹಿಡಿದರೆ ಲೋಕದ ಯಾವ ಟೈರೂ ನಿಲ್ಲದು. ವೇಗ ಇಳಿಸಿ, ಹ್ಯಾಂಡಲ್ಲನ್ನು ನೇರವಾಗಿಟ್ಟು, ಬ್ರೇಕು ಮುಟ್ಟದೆ ದಾಟುವುದೊಂದೇ ಮಾರ್ಗ. ಟೈರು ಕೊಂಡಷ್ಟಕ್ಕೇ ಬುದ್ಧಿಯನ್ನು ಮನೆಯಲ್ಲಿಟ್ಟು ಬರಬಹುದೆಂದು ಯಾರೂ ಭಾವಿಸಬಾರದು.

ಟೈರಿನ ಜಾತಕ

ಹುಡುಗಿಯ ಜಾತಕ ತರಿಸಿ ನೋಡುವ ನಾವು ಟೈರಿನ ಜಾತಕವನ್ನು ಅದರ ಮೈಮೇಲೆಯೇ ಬರೆದಿದ್ದರೂ ಓದುವುದಿಲ್ಲ. ಓದುವುದು ಕಷ್ಟವೇನೂ ಅಲ್ಲ. ಟೈರಿನ ಪಕ್ಕದಲ್ಲಿ 120/80-18 62ಪಿ ಎಂದು ಇದೆಯೆನ್ನಿ. 120 ಎಂಬುದು ಮಿಲಿಮೀಟರಿನಲ್ಲಿ ಅಗಲ. 80 ಎಂಬುದು ಅಗಲದ ನೂರಕ್ಕೆ 80ರಷ್ಟು ಎತ್ತರ, ಅಂದರೆ 96 ಮಿಲಿಮೀಟರು. 18 ಎಂಬುದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. 62 ಎಂಬುದು ಭಾರದ ಸಂಕೇತ. ಆ ಟೈರು 265 ಕಿಲೋ ಹೊರಬಲ್ಲುದು. ಪಿ ಎಂಬುದು ವೇಗದ ಸಂಕೇತ. ಗಂಟೆಗೆ 150 ಕಿಲೋಮೀಟರಿನವರೆಗೆ. ಹಳೆಯ ಪದ್ಧತಿಯಲ್ಲಿ 2.75-18 ಎಂದಿದ್ದರೆ ಅಗಲವೂ ಅಂಗುಲದಲ್ಲೇ ಇದೆ ಎಂದು ತಿಳಿಯಬೇಕು. ಅಡ್ಡಗೆರೆಯ ಜಾಗದಲ್ಲಿ ಆರ್ ಎಂಬ ಅಕ್ಷರವಿದ್ದರೆ ಅದು ರೇಡಿಯಲ್ ಟೈರು. ಅದರೊಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾದಿರುತ್ತವೆ. ವೇಗದ ಓಟದಲ್ಲಿ ಅದು ಕಡಿಮೆ ಕಾಯುತ್ತದೆ. ಸಾಮಾನ್ಯ ಟೈರುಗಳಲ್ಲಿ ದಾರಗಳು ಒಂದನ್ನೊಂದು ಓರೆಯಾಗಿ ಹಾಯ್ದಿರುತ್ತವೆ. ಗಾಡಿ ಮಾಡಿದವರೇ ಹೇಳಿದ್ದ ಹೊರತು ಮುಂದೊಂದು ಬಗೆ ಹಿಂದೊಂದು ಬಗೆ ಬೆರೆಸಬಾರದು.

ಮತ್ತೂ ನಾಲ್ಕು ಗುರುತುಗಳಿವೆ. ನಾಲ್ಕಂಕಿಯ ಒಂದು ಸಂಖ್ಯೆ ಹುಟ್ಟಿದ ದಿನವನ್ನು ಹೇಳುತ್ತದೆ. 2325 ಎಂದಿದ್ದರೆ 2025ನೆಯ ಇಸವಿಯ 23ನೆಯ ವಾರ. ಬಿಸಿಲಿನಲ್ಲಿ ಬಹುಕಾಲ ತೂಗುಬಿದ್ದ ಟೈರು ಓಡದಿದ್ದರೂ ಮುದಿಯಾಗುತ್ತದೆ. ಎರಡು ವರ್ಷಕ್ಕೆ ಮೀರಿದ ಸರಕನ್ನು ರಿಯಾಯಿತಿ ಕೊಟ್ಟರೂ ಬೇಡವೆನ್ನುವುದು ಲೇಸು. ಬಾಣದ ಗುರುತು ಟೈರು ತಿರುಗಬೇಕಾದ ದಿಕ್ಕು. ಐ.ಎಸ್.ಐ. ಮುದ್ರೆ ನಮ್ಮ ದೇಶದಲ್ಲಿ ಕಡ್ಡಾಯ. ಟಿ.ಡಬ್ಲ್ಯೂ.ಐ. ಎಂಬ ಅಕ್ಷರಗಳ ನೇರಕ್ಕೆ ಗೀರಿನೊಳಗೆ ಪುಟ್ಟ ದಿಣ್ಣೆಯೊಂದಿರುತ್ತದೆ. ರಬ್ಬರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದ ದಿನ ಟೈರಿನ ಆಯುಷ್ಯ ಮುಗಿಯಿತು. “ಇನ್ನೂ ಎರಡು ತಿಂಗಳು ಎಳೆಯಬಹುದು” ಎಂಬ ಮಾತು ಆಮೇಲೆ ಸಲ್ಲದು.

ಅಗಲ ಹೆಚ್ಚಾದರೆ ಅಂದವೇನೋ ಹೌದು

ಟೈರಂಗಡಿಯಲ್ಲಿ ತರುಣರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಕಾಕಾ, ಇದಕ್ಕಿಂತ ಅಗಲ ಇರೋದು ಅದ ಏನ್ರಿ?” ಒಳ್ಳೆಯ ಅಂಗಡಿಯವನಾದರೆ ಅವನ ಉತ್ತರವೂ ಒಂದೇ: “ಅದ ತಮ್ಮಾ, ಖರೆ, ಆದ್ರ ನಿನ್ನ ಗಾಡಿಗೆ ಬ್ಯಾಡ.” ಏಕೆ ಬೇಡವೆಂಬುದಕ್ಕೆ ಲೆಕ್ಕವಿದೆ. ಮೇಲಿನ 120ರ ಜಾಗದಲ್ಲಿ 130/80-18 ಹಾಕಿದೆವೆನ್ನಿ. ಟೈರಿನ ಎತ್ತರ 96ರಿಂದ 104 ಮಿಲಿಮೀಟರಿಗೆ ಏರಿತು. ಒಟ್ಟು ವ್ಯಾಸ 649ರಿಂದ 665ಕ್ಕೆ. ಹಿಂದಿನ ಭಾಗ 8 ಮಿಲಿಮೀಟರು ಮೇಲೆದ್ದು, ಮಡ್‌ಗಾರ್ಡಿಗೂ ಚೈನಿಗೂ ಇದ್ದ ಅಂತರ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಅಲ್ಲದೆ ರಿಮ್ಮು ಮೊದಲಿನಷ್ಟೇ ಅಗಲ. ಕಿರಿದಾದ ರಿಮ್ಮಿನಲ್ಲಿ ಅಗಲವಾದ ಟೈರನ್ನು ಹಿಸುಕಿ ಕೂರಿಸಿದರೆ ಅದರ ಬೆನ್ನು ಗೂನಾಗುತ್ತದೆ. ನೆಲಕ್ಕೆ ತಾಗುವ ಅಂಗೈ ಹಿಗ್ಗುವುದಕ್ಕೆ ಬದಲಾಗಿ ಆಕಾರ ಕೆಡುತ್ತದೆ. ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಹ್ಯಾಂಡಲು ಭಾರವಾಗುತ್ತದೆ. ಗಾಡಿ ರಚಿಸಿದವರು ಬಹಳ ಪರೀಕ್ಷೆ ನಡೆಸಿ ಗೊತ್ತುಮಾಡಿದ ಅಳತೆಯನ್ನು ಕಾಲೇಜಿನ ಗೇಟಿನ ಮುಂದೆ ನಿಲ್ಲುವ ಸೊಬಗಿಗಾಗಿ ಮೀರುವುದು ಜಾಣತನವಲ್ಲ.

ವೇಗದ ವಿಚಾರವೂ ಹಾಗೆಯೇ. ನಾಲ್ಕು ಪಥದ ಹೆದ್ದಾರಿಯಲ್ಲಿಯೂ ಮೋಟಾರ್ ಸೈಕಲ್ಲಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ ಗಂಟೆಗೆ 80 ಕಿಲೋಮೀಟರು. 240 ಕಿಲೋಮೀಟರು ವೇಗಕ್ಕೆ ತಕ್ಕ ಟೈರು ಜೇವರ್ಗಿಯ ದಾರಿಯಲ್ಲಿ ಯಾವ ಕಾರ್ಯ ಸಾಧಿಸೀತು? ಗಾಡಿಯ ಪುಸ್ತಕದಲ್ಲಿ ಹೇಳಿದ ವೇಗದ ಅಕ್ಷರಕ್ಕೂ ಭಾರದ ಅಂಕಿಗೂ ಕಡಿಮೆಯಾಗಬಾರದು. ಬಹಳ ಮೀರಬೇಕಾದ ಅಗತ್ಯವೂ ಇಲ್ಲ.

ಹಣದ ಲೆಕ್ಕ

ಗೃಹಿಣಿಯರು ಅಕ್ಕಿಯನ್ನು ಚೀಲದ ಬೆಲೆಯಿಂದಲ್ಲದೆ ಕಿಲೋ ಬೆಲೆಯಿಂದ ಅಳೆಯುವಂತೆ ಟೈರನ್ನು ಕಿಲೋಮೀಟರಿನ ಬೆಲೆಯಿಂದ ಅಳೆಯಬೇಕು. ದೃಷ್ಟಾಂತಕ್ಕಾಗಿ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. 3,000 ರೂಪಾಯಿಯ ಸ್ಪೋರ್ಟ್ ಟೈರು 8,000 ಕಿಲೋಮೀಟರು ಬಾಳಿದರೆ ಕಿಲೋಮೀಟರಿಗೆ ಮೂವತ್ತೇಳೂವರೆ ಪೈಸೆ. 3,600 ರೂಪಾಯಿಯ ಸ್ಪೋರ್ಟ್ ಟೂರಿಂಗ್ ಟೈರು 15,000 ಕಿಲೋಮೀಟರು ಬಾಳಿದರೆ 24 ಪೈಸೆ. ಅಂಗಡಿಯಲ್ಲಿ ತುಟ್ಟಿಯಾಗಿ ಕಂಡದ್ದು ರಸ್ತೆಯಲ್ಲಿ ಅಗ್ಗವಾಯಿತು. 1,800 ರೂಪಾಯಿಯ ಸಾಧಾರಣ ಟೈರು 25,000 ಕಿಲೋಮೀಟರು ಓಡಿದರೆ ಏಳು ಪೈಸೆಗೆ ಸ್ವಲ್ಪ ಮೇಲೆ. ದಿನವೂ ಕಚೇರಿಗೆ ಹೋಗಿಬರುವ ನೂರು ಸಿ.ಸಿ. ಗಾಡಿಗೆ ಇದೇ ಸರಿಯಾದ ಟೈರು. ತಂದೆಯ ಮಾತು ಗೆಲ್ಲುವುದು ಇಲ್ಲಿ. ಆದರೆ ಭಾರದ ಗಾಡಿಯಲ್ಲಿ, ಇಬ್ಬರು ಕುಳಿತು, ಮಳೆಯಲ್ಲಿ ನೂರಾರು ಕಿಲೋಮೀಟರು ಹೋಗುವಾಗ ಕಲ್ಲಿನಂತೆ ಗಟ್ಟಿಯಾದ ರಬ್ಬರು ಉಳಿಸುವ ಪೈಸೆಗಳನ್ನು ಒಂದೇ ಜಾರಿಕೆ ನುಂಗಿಬಿಡುತ್ತದೆ. ಟೈರಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಆ ಉಳಿತಾಯವನ್ನು ಒಂದು ಮೆಟ್ಟಿಲು ಒಳ್ಳೆಯ ಟೈರಿಗೆ ವಿನಿಯೋಗಿಸಬಹುದು.

ಅಂಗಡಿಯಿಂದ ಬಂದ ಮೇಲೆ

ಟೈರು ಕೊಂಡರೆ ಮುಗಿಯಲಿಲ್ಲ. ಟ್ಯೂಬಿನ ಗಾಲಿಯಾದರೆ ಹೊಸ ಟೈರಿಗೆ ಹೊಸ ಟ್ಯೂಬೇ ಇರಲಿ. ಹಿಗ್ಗಿದ ಹಳೆಯ ಟ್ಯೂಬು ಒಳಗೆ ಮಡಿಚಿಕೊಂಡು ಹರಿಯುತ್ತದೆ. ಟ್ಯೂಬಿಲ್ಲದ ಗಾಲಿಯಾದರೆ ಹೊಸ ವಾಲ್ವ್ ಹಾಕಿಸಬೇಕು. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ 150 ಕಿಲೋಮೀಟರು ಮೆಲ್ಲಗೆ ಹೋಗಬೇಕು. ತೀವ್ರವಾಗಿ ವಾಲುವುದು, ಗಕ್ಕನೆ ಬ್ರೇಕು ಹಾಕುವುದು ಕೂಡದು. ಮುಂದಿನದು ಚೆನ್ನಾಗಿದೆಯೆಂದು ಹಿಂದಿನದನ್ನು ಮಾತ್ರ ಬದಲಾಯಿಸುವುದು ತಪ್ಪಲ್ಲ. ಆದರೆ ಮುಂದಿನ ಟೈರು ನಿಜವಾಗಿಯೂ ಚೆನ್ನಾಗಿರಬೇಕು. ಬ್ರೇಕಿನ ಬಹುಪಾಲು ಹೊರೆ ಬೀಳುವುದು ಅದರ ಮೇಲೆಯೇ. ಪಕ್ಕದ ಗೋಡೆಗೆ ಆದ ತೂತನ್ನು ಯಾವ ಕಾರಣಕ್ಕೂ ಮುಚ್ಚಿಸಿಕೊಂಡು ಓಡಿಸಬಾರದು. ಬಿರಡೆ ಹಾಕುವುದು ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ.

ಇನ್ನು ಗಾಳಿ. ಬಿಸಿಲುನಾಡಿನಲ್ಲಿ ಗಾಳಿಯ ವಿಚಾರದಲ್ಲಿ ಒಂದು ಮೂಢನಂಬಿಕೆ ಬೇರೂರಿದೆ: “ಬ್ಯಾಸಿಗ್ಯಾಗ ಗಾಳಿ ಕಡಿಮಿ ಇಡಬೇಕು, ಇಲ್ಲಂದ್ರ ಟೈರ್ ಒಡೀತದ.” ನಿಜಸ್ಥಿತಿ ಇದಕ್ಕೆ ವಿರುದ್ಧ. ಬೆಳಗ್ಗೆ 25 ಡಿಗ್ರಿ ಉಷ್ಣದಲ್ಲಿ 30 ಪೌಂಡು ತುಂಬಿದ ಗಾಳಿ, ಓಡಿ ಕಾಯ್ದು 65 ಡಿಗ್ರಿಗೆ ಏರಿದಾಗ ಸುಮಾರು 36 ಪೌಂಡಾಗುತ್ತದೆ. ಈ ಏರಿಕೆ ಸ್ವಾಭಾವಿಕ. ಅದನ್ನು ಎಣಿಸಿಯೇ ಟೈರು ತಯಾರಾಗಿರುತ್ತದೆ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕಗಳು ಪ್ರತಿಸುತ್ತಿಗೂ ಬಾಗಿ ನಿಮಿರಿ, ಆ ಬಾಗುವಿಕೆಯೇ ಬಿಸಿಯನ್ನು ಹುಟ್ಟಿಸಿ, ಒಳಗಿನ ದಾರಗಳು ಸಡಿಲಗೊಂಡು ಟೈರು ಹರಿಯುತ್ತದೆ. ಬೇಸಗೆಯಲ್ಲಿ ಒಡೆಯುವ ಟೈರುಗಳು ಬಹುಪಾಲು ಗಾಳಿ ಕಡಿಮೆಯಿದ್ದವೇ. ಆದುದರಿಂದ ಬೆಳಗ್ಗೆ ಗಾಡಿ ತಂಪಾಗಿರುವಾಗ, ಗಾಡಿಯ ಪುಸ್ತಕದಲ್ಲಿ ಒಬ್ಬರಿಗೆಷ್ಟು ಇಬ್ಬರಿಗೆಷ್ಟು ಎಂದು ಬರೆದಿರುವುದೋ ಅಷ್ಟು ತುಂಬಿಸಬೇಕು. ಕಾಯ್ದ ಟೈರಿನಿಂದ ಗಾಳಿ ಬಿಡಬಾರದು. ವಾರಕ್ಕೊಮ್ಮೆ ನೋಡಬೇಕು. ದುಡ್ಡು ಕೊಟ್ಟು ಸಾರಜನಕ ತುಂಬಿಸುವ ಹೊಸ ಸಂಪ್ರದಾಯವೊಂದು ಬಂದಿದೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆಯೆಂಬುದನ್ನು ನೆನಪಿಟ್ಟರೆ ಸಾಕು.

ಇಷ್ಟಾದ ಮೇಲೆ ಮನೆಯ ಮಂತ್ರಾಲೋಚನೆಗೆ ನಮ್ಮ ಸಲಹೆ ಇದು. ಊರೊಳಗೆ ಓಡಾಡುವ ನೂರು, ನೂರಿಪ್ಪತ್ತೈದು ಸಿ.ಸಿ. ಗಾಡಿಗೆ ಹೇಳಿದ ಅಳತೆಯ ಸಾಧಾರಣ ಒಳ್ಳೆಯ ಟೈರು. ಹೊಲಮನೆ ನೋಡಿಕೊಳ್ಳುವವರಿಗೆ ಮಣ್ಣಿಗೂ ಡಾಂಬರಿಗೂ ಆಗುವ ಟೈರು. ರಜೆ ಬಂದರೆ ಇಬ್ಬರೂ ಕುಳಿತು ಗಾಣಗಾಪುರಕ್ಕೋ ವಿಜಯಪುರಕ್ಕೋ ಹೊರಡುವ ದೊಡ್ಡ ಗಾಡಿಯವರಿಗೆ ಸ್ಪೋರ್ಟ್ ಟೂರಿಂಗ್ ಟೈರು. ಮಗನಿಗೆ ಅದರ ಹೆಸರಿನಲ್ಲಿರುವ ಮೊದಲ ಮಾತು, ತಂದೆಗೆ ಎರಡನೆಯ ಮಾತು ಹಿಡಿಸೀತು. ಶುದ್ಧ ಸ್ಪೋರ್ಟ್ ಟೈರಿನ ನಿಜವಾದ ಮನೆ ಪಂದ್ಯದ ಹಾದಿ, ತಿರುವುಗಳ ಘಾಟಿ. ಆಳಂದ, ಅಫಜಲಪುರ, ಜೇವರ್ಗಿಗಳ ಬಯಲಿನಲ್ಲಿ ಅದು ಅತಿಥಿ.

ಈ ಭಾನುವಾರ ಬೆಳಗ್ಗೆ ಕಾಫಿ ಕುಡಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಗಾಡಿಯನ್ನು ಅಂಗಳಕ್ಕೆ ತಳ್ಳಿ, ಟಿ.ಡಬ್ಲ್ಯೂ.ಐ. ಎಂಬ ಅಕ್ಷರಗಳನ್ನು ಹುಡುಕಿ, ಅದರ ನೇರಕ್ಕೆ ಗೀರಿನೊಳಗೆ ಉಗುರು ಇಳಿಸಿ ನೋಡಿ. ದಿಣ್ಣೆ ಇನ್ನೂ ಆಳದಲ್ಲಿದ್ದರೆ ಗಾಳಿ ಪರೀಕ್ಷಿಸಿ ನಿಶ್ಚಿಂತೆಯಾಗಿರಿ. ಮಟ್ಟಸವಾಗಿದ್ದರೆ ಸೋಮವಾರ ಬೆಳಗ್ಗೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ. ಸಂಜೆ ಟೈರಿನ ಅಂಗಡಿಗೆ ಹೋಗಿ.